‘ಅಂದ್ರೆ?’ – ಸಂಶೋಧನೆಯನ್ನು ತಿಳಿಯಾಗಿ ಬರೆಯಲು ಒಂದು ಸಮಗ್ರ ಮಾರ್ಗದರ್ಶಿ

ಪಿಎಚ್‌.ಡಿ.ಯ ಎರಡನೇ ವರ್ಷದಲ್ಲಿ ನನ್ನ ಮೊದಲ ಅಧ್ಯಾಯವನ್ನು ಗೈಡ್ ಮೇಡಂ ಕೈಗೆ ಕೊಟ್ಟೆ. 31 ಪುಟ. ಹತ್ತು ದಿನ ಬಿಟ್ಟು ವಾಪಸ್ ಬಂತು. ಒಂದೇ ಒಂದು ತಿದ್ದುಪಡಿ ಇರಲಿಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಒಂದೇ ಪದ, ಮತ್ತೆ ಮತ್ತೆ: ‘ಅಂದ್ರೆ?’ ಎಣಿಸಿದೆ. 23 ಕಡೆ ಇತ್ತು.

ಸಿಟ್ಟು ಬಂತು. ನಾನು ತುಮಕೂರು ಕಡೆಯ ಹಳ್ಳಿಯವನು, ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ. ನನ್ನ ಇಂಗ್ಲಿಷ್ ಸರಿಯಿಲ್ಲ ಅನ್ನೋದನ್ನೇ ಮೇಡಂ ಮೆತ್ತಗೆ ಹೇಳುತ್ತಿದ್ದಾರೆ ಅಂದುಕೊಂಡೆ. ಆ ರಾತ್ರಿ ಹಾಸ್ಟೆಲಿನಲ್ಲಿ ಕೂತು 23 ವಾಕ್ಯಗಳನ್ನೂ ಕನ್ನಡಕ್ಕೆ ತಂದು ನೋಡಿದೆ. ಕನ್ನಡದಲ್ಲೂ ಅರ್ಥ ಆಗಲಿಲ್ಲ! ಇಂಗ್ಲಿಷ್ ಮೇಲೆ ತಪ್ಪು ಹೊರಿಸುವ ದಾರಿ ಅಲ್ಲಿಗೆ ಮುಚ್ಚಿತು. ಏನು ಹೇಳಬೇಕು ಅಂತ ನಾನೇ ತೀರ್ಮಾನ ಮಾಡಿರಲಿಲ್ಲ.

ಆಮೇಲೆ ಈ ಊರಿನಲ್ಲಿ ಎಷ್ಟೋ ಜನರ ಅಧ್ಯಾಯ, ಪೇಪರ್, ಸಿನಾಪ್ಸಿಸ್ ಓದಿಕೊಟ್ಟಿದ್ದೇನೆ. ಬೆಂಗಳೂರಿನಲ್ಲಿ ಸಂಶೋಧಕರಿಗೆ ಬರವಿಲ್ಲ ನೋಡಿ. 1909ರಿಂದ ಇರುವ, ಹಳಬರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವ ಭಾರತೀಯ ವಿಜ್ಞಾನ ಸಂಸ್ಥೆ, ಸಮಾಜ ವಿಜ್ಞಾನಕ್ಕೆ ನಾಗರಬಾವಿಯ ಐಸೆಕ್, ಕೃಷಿಗೆ ಹೆಬ್ಬಾಳದ ಜಿಕೆವಿಕೆ, ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ – ಎಲ್ಲೆಲ್ಲೂ ಯಾರೋ ಒಬ್ಬರು ಏನೋ ಬರೆಯುತ್ತಲೇ ಇರುತ್ತಾರೆ. ವಿಷಯ ಕೀಟವಾಗಲಿ, ಶಾಸನವಾಗಲಿ, ಸಿಕ್ಕಿಹಾಕಿಕೊಳ್ಳುವ ಜಾಗ ಮಾತ್ರ ಹೆಚ್ಚುಕಮ್ಮಿ ಒಂದೇ.

ನೀವು ಇಂಗ್ಲಿಷಿನಲ್ಲಿ ಬರೆಯುತ್ತಿರಬಹುದು, ಕನ್ನಡದಲ್ಲೇ ಥೀಸಿಸ್ ಮಾಡುತ್ತಿರಬಹುದು. ಎರಡಕ್ಕೂ ಈ ಹೆಜ್ಜೆಗಳು ನಡೆಯುತ್ತವೆ. ಉದಾಹರಣೆಗೆ ನನ್ನದೇ ವಿಷಯ ತೆಗೆದುಕೊಳ್ಳುತ್ತೇನೆ: ನಗರದ ಅಂಚಿನ ಬಡಾವಣೆಗಳಲ್ಲಿ ಟ್ಯಾಂಕರ್ ನೀರಿನ ಬೆಲೆ ಹೇಗೆ ನಿಗದಿಯಾಗುತ್ತದೆ ಅನ್ನೋದು. ಸುಲಭವಾಗಲಿ ಅಂತ ಸ್ವಲ್ಪ ಸರಳ ಮಾಡಿದ್ದೇನೆ.

ಹೆಜ್ಜೆ 1: ಲ್ಯಾಪ್‌ಟಾಪ್ ಮುಚ್ಚಿ, ಒಂದು ವಾಕ್ಯ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಪೇಪರ್ ಅಥವಾ ಅಧ್ಯಾಯ ಏನು ಹೇಳುತ್ತದೆ ಅನ್ನೋದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಹೆಚ್ಚಿನವರು ಬರೆಯೋದು ಹೀಗೆ: ‘ಬೆಂಗಳೂರಿನ ಹೊರವಲಯದಲ್ಲಿ ನೀರಿನ ಬೆಲೆ: ಒಂದು ಅಧ್ಯಯನ.’ ಇದು ಬಸ್ಸಿನ ಬೋರ್ಡು ಇದ್ದ ಹಾಗೆ. ಎಲ್ಲಿಗೆ ಹೋಗುತ್ತದೆ ಅಂತ ಹೇಳುತ್ತದೆ, ಅಲ್ಲಿ ಏನಿದೆ ಅಂತ ಹೇಳುವುದಿಲ್ಲ.

ವಾಕ್ಯ ಸರಿಯಾಗಿದೆಯಾ ಅಂತ ನೋಡೋಕೆ ಒಂದು ಪರೀಕ್ಷೆ ಇದೆ. ಅದನ್ನು ಕೇಳಿದವರು ‘ಇಲ್ಲ, ಹಾಗಲ್ಲ’ ಅಂತ ಜಗಳಕ್ಕೆ ಬರೋಕೆ ಸಾಧ್ಯವಿರಬೇಕು. ‘ನೀರಿನ ಬೆಲೆಯ ಮೇಲೆ ಅನೇಕ ಅಂಶಗಳು ಪ್ರಭಾವ ಬೀರುತ್ತವೆ’ ಅಂದರೆ ಯಾರು ಜಗಳ ಮಾಡುತ್ತಾರೆ? ‘ಟ್ಯಾಂಕರ್ ನೀರಿನ ಬೆಲೆಯನ್ನು ದೂರಕ್ಕಿಂತ ಜಾಸ್ತಿ ಮಾಲೀಕರ ಒಪ್ಪಂದ ತೀರ್ಮಾನಿಸುತ್ತದೆ’ ಅನ್ನಿ. ಈಗ ನೋಡಿ, ಒಬ್ಬರು ಡೀಸೆಲ್ ಖರ್ಚು ಅನ್ನುತ್ತಾರೆ, ಇನ್ನೊಬ್ಬರು ಬೇಸಿಗೆ ಅನ್ನುತ್ತಾರೆ. ಮೂರನೆಯವರು ಸರ್ಕಾರದ ದರ ಇಲ್ವಾ ಅಂತ ಕೇಳುತ್ತಾರೆ. ಅದೂ ನ್ಯಾಯವಾದ ಪ್ರಶ್ನೆಯೇ. 2024ರ ಮಾರ್ಚ್‌ನಲ್ಲಿ ಕೊಳವೆಬಾವಿಗಳು ಬತ್ತಿದಾಗ ಜಿಲ್ಲಾಡಳಿತ ದರ ಕಟ್ಟಿತ್ತು: 5 ಕಿಲೋಮೀಟರ್ ಒಳಗಾದರೆ 12,000 ಲೀಟರ್‌ಗೆ 1,000 ರೂಪಾಯಿ. ಹೀಗೆ ಬರುವ ಒಂದೊಂದು ತಕರಾರೂ ನಿಮ್ಮ ಪೇಪರಿನ ಒಂದೊಂದು ಭಾಗವಾಗುತ್ತದೆ. ಅಧ್ಯಾಯದ ಅರ್ಧ ನಕ್ಷೆ ಇಲ್ಲೇ ಸಿಕ್ಕಿತು, ಅಲ್ವಾ?

ವಾಕ್ಯ ಹುಟ್ಟದಿದ್ದರೆ ಬರೆಯೋಕೆ ಕೂರಬೇಡಿ. ಡೇಟಾ ಹತ್ತಿರ ವಾಪಸ್ ಹೋಗಿ. ಅದು ಸೋಮಾರಿತನ ಅಲ್ಲ.

ಹೆಜ್ಜೆ 2: ಬಾಯಿಬಿಟ್ಟು ಹೇಳಿ, ಅದೂ ಮನೆಮಾತಿನಲ್ಲಿ

ಈ ಹೆಜ್ಜೆಯನ್ನು ಬಹಳ ಜನ ಹಾರಿಬಿಡುತ್ತಾರೆ. ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ.

ನಿಮ್ಮ ವಿಷಯ ಗೊತ್ತಿಲ್ಲದ ಒಬ್ಬರಿಗೆ ಐದು ನಿಮಿಷದಲ್ಲಿ ಹೇಳಿ. ಬೇರೆ ಡಿಪಾರ್ಟ್‌ಮೆಂಟಿನ ಗೆಳತಿ ಆಗಬಹುದು, ಅಣ್ಣ ಆಗಬಹುದು. ಯಾರೂ ಸಿಗದಿದ್ದರೆ ಫೋನಿನಲ್ಲಿ ರೆಕಾರ್ಡರ್ ಹಾಕಿಕೊಂಡು ಲಾಲ್‌ಬಾಗಿನಲ್ಲಿ ಒಂದು ಸುತ್ತು ನಡೆಯಿರಿ. ಮಾತಾಡಿಕೊಂಡು ನಡೆಯೋರನ್ನು ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಕೇಳುವವರಿಗೆ ಒಂದೇ ಕೆಲಸ ಕೊಡಿ: ಅರ್ಥ ಆಗದ ಕಡೆ ‘ಅಂದ್ರೆ?’ ಅನ್ನಬೇಕು. ನೀವು ಅದಕ್ಕೆ ಕೊಡುವ ಉತ್ತರವನ್ನು ಹಾಗೇ ಬರೆದುಕೊಳ್ಳಿ.

ನಾನು ಫೋನಿನಲ್ಲಿ ಅಮ್ಮನಿಗೆ ಹೇಳಿದ್ದೆ. ಮಾಲೀಕರ ಪರಸ್ಪರ ಹೊಂದಾಣಿಕೆ, ಸ್ಪರ್ಧೆಯ ಅಭಾವ ಅಂತ ಏನೇನೋ ಶುರು ಮಾಡಿದೆ. ಎರಡು ಸಲ ‘ಅಂಗಂದ್ರೆ?’ ಅಂತ ಕೇಳಿದರು. ಮೂರನೇ ಸಲ ಅವರೇ, “ಅವ್ರವ್ರೇ ಮಾತಾಡ್ಕಂಡು ರೇಟು ಕಟ್ತಾರೆ ಅನ್ನು ಮತ್ತೆ. ಅದುಕ್ಯಾಕೆ ಅಷ್ಟುದ್ದ?” ಅಂದರು. ನನ್ನ ಪೇಪರಿನ ಸಾರಾಂಶದ ಮೊದಲ ವಾಕ್ಯ ಅದರ ಇಂಗ್ಲಿಷ್ ರೂಪವೇ. ಅಚ್ಚಿಗೆ ಮುಂಚೆ ಪತ್ರಿಕೆಯ ಪರವಾಗಿ ಪೇಪರ್ ಓದಿದ ವಿಮರ್ಶಕರಿಬ್ಬರೂ ಆ ವಾಕ್ಯವನ್ನು ಮುಟ್ಟಲಿಲ್ಲ.

ಮಾತು ಅಚ್ಚಾಗೋದು ಹೊಸದೇನಲ್ಲ. ಸಿ.ವಿ. ರಾಮನ್ 1928ರ ಫೆಬ್ರವರಿ 28ರಂದು ಕಲ್ಕತ್ತಾದಲ್ಲಿ ಕಂಡದ್ದನ್ನು, ಅಂದರೆ ಈಗ ರಾಮನ್ ಪರಿಣಾಮ ಅನ್ನೋದನ್ನು, ಮಾರ್ಚ್ 16ರಂದು ನಮ್ಮ ಬೆಂಗಳೂರಿನಲ್ಲೇ, ಸೌತ್ ಇಂಡಿಯನ್ ಸೈನ್ಸ್ ಅಸೋಸಿಯೇಷನ್ ಸಭೆಯಲ್ಲಿ ಭಾಷಣ ಮಾಡಿ ವಿವರಿಸಿದರು. ಆ ಭಾಷಣವೇ ಅದೇ ತಿಂಗಳ ಕೊನೆಗೆ ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ ಪ್ರಕಟವಾಯಿತು. ಎದುರಿಗೆ ಕೂತವರ ಮುಖ ನೋಡಿಕೊಂಡು ಹೇಳಿದ್ದಕ್ಕೆ ಒಂದು ಜೋಡಣೆ ತಾನಾಗೇ ಬಂದಿರುತ್ತದೆ.

ಹೆಜ್ಜೆ 3: ಓದುವ ಕ್ರಮದಲ್ಲಿ ಬರೆಯಬೇಡಿ

ಪೇಪರಿನಲ್ಲಿ ಪೀಠಿಕೆ ಮೊದಲು ಬರುತ್ತದೆ. ಅದಕ್ಕೇ ಎಲ್ಲರೂ ಪೀಠಿಕೆಯಿಂದ ಶುರು ಮಾಡಿ ಅಲ್ಲೇ ಮೂರು ತಿಂಗಳು ಕಳೆಯುತ್ತಾರೆ. ‘ಜೀವಜಲ ಎಂದೇ ಕರೆಯಲ್ಪಡುವ ನೀರು ಅನಾದಿ ಕಾಲದಿಂದಲೂ’ ಅಂತ ನಾನೂ ಶುರು ಮಾಡಿದವನೇ.

ಮೊದಲು ಕೋಷ್ಟಕ, ಚಿತ್ರಗಳನ್ನು ಸಿದ್ಧ ಮಾಡಿ. ಅವನ್ನು ನೆಲದ ಮೇಲೆ ಹರಡಿ ಯಾವುದಾದ ಮೇಲೆ ಯಾವುದು ಅಂತ ಜೋಡಿಸಿ. ಆಮೇಲೆ ವಿಧಾನ ಬರೆಯಿರಿ. ನೀವೇ ಮಾಡಿದ ಕೆಲಸವಾದ್ದರಿಂದ ಅದು ಸಲೀಸು. ನಂತರ ಫಲಿತಾಂಶ, ಚರ್ಚೆ. ಪೀಠಿಕೆ ಆಮೇಲೆ. ಸಾರಾಂಶ, ಶೀರ್ಷಿಕೆ ಕಟ್ಟಕಡೆಗೆ. ಮನೆ ಕಟ್ಟುವ ಮುಂಚೆ ಗೇಟಿಗೆ ಬಣ್ಣ ಹೊಡೆಯೋಕೆ ಆಗಲ್ಲ.

ಇತಿಹಾಸ, ಸಾಹಿತ್ಯದವರಿಗೆ ಈ ಭಾಗಗಳು ಇರುವುದಿಲ್ಲ, ನಿಜ. ಅವರು ಕೋಷ್ಟಕದ ಬದಲು ಆಧಾರಗಳನ್ನು ಹರಡಬೇಕು: ಈ ಶಾಸನ, ಈ ಪತ್ರ, ಈ ಪದ್ಯ. ಹತ್ತು ಚೀಟಿಗಳಲ್ಲಿ ಬರೆದು ಸಾಲು ಮಾಡಿ. ಯಾವ ಚೀಟಿಗೂ ಮುಂದೆ ಹಿಂದೆ ಜಾಗ ಸಿಗದಿದ್ದರೆ ಅದನ್ನು ಡಬ್ಬದಲ್ಲಿ ಎತ್ತಿಡಿ. ಕಷ್ಟಪಟ್ಟು ಹುಡುಕಿದ್ದು ಅನ್ನುವ ಕಾರಣಕ್ಕೆ ಅದಕ್ಕೆ ಸೀಟು ಕೊಡಬೇಡಿ.

ಹೆಜ್ಜೆ 4: ಒಂದು ವಾಕ್ಯವನ್ನು ಬಿಚ್ಚಿ ನೋಡೋಣ

ಮೇಡಂ ‘ಅಂದ್ರೆ?’ ಅಂತ ಗೀಚಿದ ವಾಕ್ಯಗಳಲ್ಲಿ ಒಂದು ಕನ್ನಡಕ್ಕೆ ಬಂದಾಗ ಹೀಗಿತ್ತು:

“ಬೆಂಗಳೂರು ನಗರದ ಹೊರವಲಯದ ಆಯ್ದ ಬಡಾವಣೆಗಳಲ್ಲಿ ಖಾಸಗಿ ಟ್ಯಾಂಕರ್‌ಗಳ ಮೂಲಕ ಸರಬರಾಜು ಮಾಡಲ್ಪಡುವ ನೀರಿನ ಬೆಲೆ ನಿರ್ಧಾರ ಪ್ರಕ್ರಿಯೆಯ ಮೇಲೆ ಪ್ರಭಾವ ಬೀರುವ ವಿವಿಧ ಸಾಮಾಜಿಕ-ಆರ್ಥಿಕ ಅಂಶಗಳ ವಿಶ್ಲೇಷಣೆಯನ್ನು ಕೈಗೊಳ್ಳಲಾಗಿದ್ದು, ಸದರಿ ವಿಶ್ಲೇಷಣೆಯಿಂದ ಗಣನೀಯ ವ್ಯತ್ಯಾಸಗಳು ಕಂಡುಬಂದಿರುವುದನ್ನು ಗಮನಿಸಬಹುದಾಗಿದೆ.”

ಒಂದೇ ಉಸಿರಿಗೆ ಓದಿ ನೋಡಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅದು ಬರುವ ತನಕ ಓದುವವರು ಉಳಿದದ್ದನ್ನೆಲ್ಲ ಕೈಯಲ್ಲಿ ಹಿಡಿದುಕೊಂಡು ನಿಂತಿರಬೇಕು. ಕೊನೆಗೆ ಬಂದದ್ದಾದರೂ ಏನು? ‘ಗಮನಿಸಬಹುದಾಗಿದೆ’. ಅಷ್ಟೊತ್ತು ಕಾದದ್ದಕ್ಕೆ ಸಿಕ್ಕ ಕೂಲಿ ಇಷ್ಟೇ.

ಈಗ ಒಂದೊಂದೇ ಕೇಳೋಣ. ‘ಕೈಗೊಳ್ಳಲಾಗಿದ್ದು’ – ಕೈಗೊಂಡವರು ಯಾರು? ನಾನು. ಹಾಗಾದರೆ ‘ವಿಶ್ಲೇಷಿಸಿದೆ’ ಅಂದರೆ ಮುಗೀತು. ಕನ್ನಡದಲ್ಲಿ ಒಂದು ಅನುಕೂಲ ಇದೆ, ‘ನಾನು’ ಅನ್ನೋಕೆ ಸಂಕೋಚವಾದರೆ ಬಿಟ್ಟುಬಿಡಬಹುದು, ಕ್ರಿಯಾಪದದಲ್ಲೇ ಆಳು ಕೂತಿರುತ್ತಾನೆ. ಇಂಗ್ಲಿಷಿನಲ್ಲೂ ‘ನಾವು’ ಅಂದರೆ ಮೈಲಿಗೆಯೇನಲ್ಲ. ಡಿಎನ್‌ಎ ರಚನೆ ಕುರಿತು ವಾಟ್ಸನ್ ಮತ್ತು ಕ್ರಿಕ್ 1953ರ ಏಪ್ರಿಲ್‌ನಲ್ಲಿ ನೇಚರ್ ಪತ್ರಿಕೆಗೆ ಬರೆದ ಬರಹ ಒಂದು ಪುಟಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಅದು ಶುರುವಾಗೋದೇ ‘ನಾವು’ ಎಂಬ ಪದದಿಂದ. ಹಾಗಂತ ಎಲ್ಲ ಕಡೆ ತುರುಕಬೇಕಿಲ್ಲ. ‘ನೀರನ್ನು ಕುದಿಸಲಾಯಿತು’ ಅಂದಾಗ ಕುದಿಸಿದವರು ಯಾರು ಅನ್ನೋದು ಯಾರಿಗೂ ಬೇಡ. ಆದರೆ ತೀರ್ಮಾನ ಮಾಡಿದವರು ಯಾರು ಅನ್ನೋದು ಬೇಕು.

‘ಆಯ್ದ ಬಡಾವಣೆಗಳು’ – ಎಷ್ಟು? ನಾಲ್ಕು. ‘ವಿವಿಧ ಅಂಶಗಳು’ – ಯಾವುವು? ದೂರ, ತಿಂಗಳು, ಮಾಲೀಕರ ಸಂಖ್ಯೆ. ‘ಗಣನೀಯ ವ್ಯತ್ಯಾಸ’ – ಯಾವುದಕ್ಕೂ ಯಾವುದಕ್ಕೂ ನಡುವೆ?

ಇಲ್ಲಿ ನಾನು ಸಿಕ್ಕಿಬಿದ್ದೆ. ವ್ಯತ್ಯಾಸಕ್ಕೆ ದೂರ ಕಾರಣವಲ್ಲ ಅಂತ ಬರೆಯೋಕೆ ಹೋದರೆ, ನಾಲ್ಕರಲ್ಲಿ ಎರಡು ಬಡಾವಣೆಗಳಿಗೆ ದೂರವನ್ನು ನಾನು ಅಳೆದೇ ಇರಲಿಲ್ಲ! ಚಾಲಕರು ‘ಇಲ್ಲೇ ಸಾರ್, ಹತ್ರ’ ಅಂದದ್ದನ್ನೇ ನಂಬಿದ್ದೆ. ಆ ಉದ್ದನೆಯ ವಾಕ್ಯ ನನಗೇ ತಿಳಿಯದ ಹಾಗೆ ಈ ತೂತನ್ನು ಮುಚ್ಚಿಟ್ಟಿತ್ತು. ಮಾರನೇ ವಾರ ಬಿಎಂಟಿಸಿ ಬಸ್ ಹತ್ತಿ ಹೋದೆ. ಆಮೇಲೆ ಟ್ಯಾಂಕರಿನಲ್ಲೇ ಕೂತು ಕೊಳವೆಬಾವಿಯಿಂದ ಸಂಪಿನ ತನಕ ಅಳೆದುಕೊಂಡು ಬಂದೆ.

ಕೊನೆಗೆ ಆ ವಾಕ್ಯ ಹೀಗಾಯಿತು: “ಹೊರವಲಯದ ನಾಲ್ಕು ಬಡಾವಣೆಗಳಲ್ಲಿ ಟ್ಯಾಂಕರ್ ನೀರಿನ ಬೆಲೆಯನ್ನು ಹೋಲಿಸಿದೆವು. ಒಂದೇ ಕೊಳವೆಬಾವಿಯ ನೀರು, ಹೆಚ್ಚುಕಮ್ಮಿ ಒಂದೇ ದೂರ. ಆದರೂ ಬೆಲೆ ಬೇರೆ ಬೇರೆ. ಮಾಲೀಕರು ಬಡಾವಣೆಗಳನ್ನು ತಮ್ಮೊಳಗೆ ಹಂಚಿಕೊಂಡಿದ್ದ ಕಡೆ ಬೆಲೆ ಹೆಚ್ಚಿತ್ತು.” ಇದನ್ನು ಯಾರು ಬೇಕಾದರೂ ಪ್ರಶ್ನಿಸಬಹುದು. ಅದಕ್ಕೇ ಸ್ವಲ್ಪ ಭಯ ಆಗುತ್ತದೆ.

ಹೆಜ್ಜೆ 5: ಪದಗಳ ವಿಚಾರ

ಪಾರಿಭಾಷಿಕ ಪದ ಬೇಕಾದ ಕಡೆ ಹಾಕಿ. ಮೊದಲ ಸಲ ಬಂದಾಗ ಅದರ ಅರ್ಥವನ್ನು ಒಂದು ವಾಕ್ಯದಲ್ಲಿ ಹೇಳಿಬಿಡಿ. ಓದುವವರಿಗೆ ಕಾಟ ಕೊಡೋದು ಆ ಪದಗಳಿಗಿಂತ ಜಾಸ್ತಿ, ಅವುಗಳ ಸುತ್ತ ಬೆಳೆಯುವ ಕಳೆ. ‘ಸದರಿ’, ‘ಪ್ರಸ್ತುತ’, ‘ಮೇಲ್ಕಂಡ’ – ಇವೆಲ್ಲ ತಾಲ್ಲೂಕು ಕಚೇರಿಯ ಅರ್ಜಿಯಿಂದ ಎದ್ದು ಬಂದ ಪದಗಳು, ಅಲ್ಲೇ ಚೆನ್ನ. ‘ಪರಿಶೀಲನೆಯನ್ನು ನಡೆಸಲಾಯಿತು’ ಅನ್ನೋದು ‘ಪರಿಶೀಲಿಸಿದೆವು’ ಆಗಲಿ. ‘ಹೋಲಿಕೆ ಮಾಡುವಿಕೆಯ ಮೂಲಕ’ ಅನ್ನೋದು ‘ಹೋಲಿಸಿದಾಗ’ ಆಗಲಿ.

ಶಾಲೆಯಲ್ಲಿ ನಮಗೆ ಒಂದು ಪಾಠ ಹೇಳಿಕೊಟ್ಟಿದ್ದರು: ಒಂದೇ ಪದವನ್ನು ಮತ್ತೆ ಮತ್ತೆ ಬಳಸಬಾರದು. ಪ್ರಬಂಧ ಸ್ಪರ್ಧೆಗೆ ಸರಿ. ಸಂಶೋಧನೆಯಲ್ಲಿ ಇದು ಅಪಾಯ. ಒಂದು ಕಡೆ ‘ಬಡಾವಣೆ’, ಇನ್ನೊಂದು ಕಡೆ ‘ವಸತಿ ಪ್ರದೇಶ’, ಮತ್ತೊಂದು ಕಡೆ ‘ಲೇಔಟ್’ ಅಂದರೆ ಓದುವವರು ಮೂರು ಬೇರೆ ಬೇರೆ ಅಂದುಕೊಳ್ಳುತ್ತಾರೆ. ಒಂದು ವಸ್ತು, ಒಂದು ಹೆಸರು, ಮೊದಲ ಪುಟದಿಂದ ಕೊನೆಯ ತನಕ. ಬೇಜಾರಾದರೂ ಪರವಾಗಿಲ್ಲ.

ಅನುಮಾನ ಇದ್ದರೆ ಒಂದು ಸಲ ಹೇಳಿ. ‘ಕಾರಣವಿರಬಹುದು’ ಸಾಕು. ‘ಕಾರಣವಾಗಿರಬಹುದೇನೋ ಎಂದು ಭಾವಿಸಬಹುದಾದ ಸಾಧ್ಯತೆ ಇದೆ’ ಅಂದರೆ ಜಾರಿಕೊಳ್ಳೋಕೆ ನೋಡುತ್ತಿದ್ದೀರಿ ಅಂತ ಗೊತ್ತಾಗಿಬಿಡುತ್ತದೆ.

ಹೆಜ್ಜೆ 6: ಪ್ಯಾರಾದಲ್ಲಿ ಕೊಡ ಕೈ ಬದಲಾಯಿಸಲಿ

ಬಾವಿಯಿಂದ ತೊಟ್ಟಿ ತನಕ ಸಾಲಾಗಿ ನಿಂತು ಕೊಡ ದಾಟಿಸುವುದನ್ನು ನೋಡಿದ್ದೀರಾ? ಒಬ್ಬರ ಕೈಯಿಂದ ಬಂದದ್ದನ್ನೇ ಇನ್ನೊಬ್ಬರು ಹಿಡಿಯಬೇಕು. ವಾಕ್ಯಗಳೂ ಹಾಗೇ. ಹಿಂದಿನ ವಾಕ್ಯ ಬಿಟ್ಟ ಕಡೆಯಿಂದ ಮುಂದಿನದು ಹಿಡಿಯಲಿ. “ಟ್ಯಾಂಕರ್‌ಗಳು ಕೊಳವೆಬಾವಿಗಳಿಂದ ನೀರು ತುಂಬಿಕೊಳ್ಳುತ್ತವೆ. ಈ ಕೊಳವೆಬಾವಿಗಳು ಹೆಚ್ಚಾಗಿ ತೋಟದ ಮಾಲೀಕರವು. ತೋಟದ ಮಾಲೀಕರು ನೀರನ್ನು ತಿಂಗಳ ಲೆಕ್ಕದಲ್ಲಿ ಮಾರುತ್ತಾರೆ.” ಓದುವವರು ಎಲ್ಲೂ ಎಡವುವುದಿಲ್ಲ.

ಒಂದು ಪ್ಯಾರಾಕ್ಕೆ ಒಂದು ಕೆಲಸ ಸಾಕು. ಕರಡು ಮುಗಿದ ಮೇಲೆ ಪ್ರತಿ ಪ್ಯಾರಾದ ಪಕ್ಕ ಅದರ ಕೆಲಸವನ್ನು ಐದಾರು ಪದಗಳಲ್ಲಿ ಬರೆಯಿರಿ. ಎರಡು ಕೆಲಸ ಬಂದರೆ ಒಡೆಯಿರಿ. ಏನೂ ಬರೆಯೋಕೆ ತೋಚದಿದ್ದರೆ ಆ ಪ್ಯಾರಾ ಸುಮ್ನೆ ಬಾಡಿಗೆ ಇಲ್ಲದೆ ಕೂತಿದೆ.

ಹೆಜ್ಜೆ 7: ಹಿಂದಿನವರ ಕೆಲಸದ ಬಗ್ಗೆ ಬರೆಯುವಾಗ

‘ಇವರು ಹೀಗೆ ಹೇಳಿದ್ದಾರೆ, ಅವರು ಹಾಗೆ ಹೇಳಿದ್ದಾರೆ’ ಅಂತ ಹಾಜರಿ ಕೂಗಬೇಡಿ. ಪ್ರಶ್ನೆಯ ಪ್ರಕಾರ ಗುಂಪು ಮಾಡಿ. ಬೆಲೆಗೆ ದೂರವೇ ಕಾರಣ ಅನ್ನುವವರು ಒಂದು ಕಡೆ, ಅಂತರ್ಜಲ ಅನ್ನುವವರು ಇನ್ನೊಂದು ಕಡೆ, ಇಬ್ಬರೂ ಮುಟ್ಟದೇ ಬಿಟ್ಟದ್ದು ಇದು, ಅಲ್ಲಿಂದ ನಾನು ಶುರು ಮಾಡುತ್ತೇನೆ. ದೇಶದ ಪಿಎಚ್‌.ಡಿ. ಥೀಸಿಸ್‌ಗಳನ್ನು ಆನ್‌ಲೈನಿನಲ್ಲಿ ಇಡುವ ಶೋಧಗಂಗಾದಲ್ಲಿ ನಿಮ್ಮ ವಿಷಯದ ಥೀಸಿಸ್‌ಗಳು ಬೇಕಾದಷ್ಟು ಸಿಗುತ್ತವೆ. ಓದೋಕೆ ಹಿತವಾದ ಒಂದನ್ನು ಆರಿಸಿ, ಅದರ ಒಂದು ಅಧ್ಯಾಯದ ಪ್ಯಾರಾಗಳಿಗೂ ಮೇಲೆ ಹೇಳಿದ ಐದಾರು ಪದದ ಪಟ್ಟಿ ಮಾಡಿ. ಕಟ್ಟಡ ಹೇಗೆ ನಿಂತಿದೆ ಅಂತ ಕಾಣುತ್ತದೆ.

ಕೃತಿಚೌರ್ಯದ ಭಯ ಬರಹವನ್ನು ಎಷ್ಟು ಹಾಳು ಮಾಡಿದೆ ಅಂದರೆ ಹೇಳತೀರದು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಲ್ಲಿ ಬೇರೆಯವರ ಬರಹದ ಜೊತೆ ಹೋಲಿಕೆ ಶೇ. 10ರ ತನಕ ಇದ್ದರೆ ದಂಡನೆ ಇಲ್ಲ. 10ರಿಂದ 40 ಆದರೆ ಆರು ತಿಂಗಳ ಒಳಗೆ ತಿದ್ದಿ ಮತ್ತೆ ಸಲ್ಲಿಸಬೇಕು. 40 ದಾಟಿದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಈ ಶೇಕಡಾವಾರು ಇಳಿಸೋಕೆ ಹುಡುಗರು ಬೇರೆಯವರ ವಾಕ್ಯ ಇಟ್ಟುಕೊಂಡು ಪದ ಮಾತ್ರ ಬದಲಿಸುತ್ತಾರೆ. ‘ನೀರಿನ ಕೊರತೆ’ ಹೋಗಿ ‘ಜಲದ ಅಭಾವ’ ಆಗುತ್ತದೆ. ಅದು ಕಳ್ಳತನವೂ ಹೌದು, ಕೆಟ್ಟ ಬರಹವೂ ಹೌದು. ಓದಿದ ಮೇಲೆ ಪುಸ್ತಕ ಮುಚ್ಚಿ. ಒಂದು ಲೋಟ ನೀರು ಕುಡಿದು ಬನ್ನಿ. ಅವರು ಏನು ಹೇಳಿದರು ಅಂತ ನೆನಪಿನಿಂದ ಬರೆಯಿರಿ, ಆಮೇಲೆ ತೆರೆದು ಸರಿನೋಡಿ, ಅವರ ಹೆಸರು ಹಾಕಿ. ನೆನಪಿನಿಂದ ಬರೆಯೋಕೆ ಆಗದಿದ್ದರೆ ಅರ್ಥ ಆಗಿಲ್ಲ ಅಂತ ಲೆಕ್ಕ.

ಚಾಟ್‌ಜಿಪಿಟಿ ತರಹದವು ಈಗ ಎಲ್ಲರ ಕೈಯಲ್ಲೂ ಇವೆ. ವ್ಯಾಕರಣ ನೋಡಿಸಿಕೊಳ್ಳಿ, ಪತ್ರಿಕೆಯ ನಿಯಮ ಹೇಳಿದ ಹಾಗೆ, ಬಳಸಿದ್ದೀರಿ ಅನ್ನೋದನ್ನು ತಿಳಿಸಿ. ನನ್ನ ತಕರಾರು ಒಂದೇ. ನನ್ನ ಆ ಉದ್ದನೆಯ ವಾಕ್ಯವನ್ನು ಅದಕ್ಕೆ ಕೊಟ್ಟಿದ್ದರೆ ನುಣ್ಣಗೆ ಮಾಡಿ ಕೊಡುತ್ತಿತ್ತು. ದೂರ ಅಳೆಯದ ವಿಷಯ ಮಾತ್ರ ಹಾಗೇ ಒಳಗೆ ಉಳಿಯುತ್ತಿತ್ತು.

ಹೆಜ್ಜೆ 8: ಬೈಟು ಕಾಫಿ ಗುಂಪು

ಮೂರು ನಾಲ್ಕು ಜನ ಸೇರಿಕೊಳ್ಳಿ. ಎಲ್ಲರೂ ಒಂದೇ ವಿಷಯದವರಾಗಬಾರದು. ನಮ್ಮ ಗುಂಪಿನಲ್ಲಿ ರೇಷ್ಮೆ ಹುಳುವಿನ ರೋಗದವಳೊಬ್ಬಳು, ಕೆಳದಿ ಇತಿಹಾಸದವನೊಬ್ಬ, ನಾನು. ಶನಿವಾರ ಬೆಳಿಗ್ಗೆ ದರ್ಶಿನಿಯೊಂದರ ಹೊರಗೆ ನಿಂತು ಬೈಟು ಕಾಫಿ, ತಲಾ ನಾಲ್ಕು ಪುಟ ಅದಲುಬದಲು. ನಾಲ್ಕೇ ಪುಟ, ಜಾಸ್ತಿ ತಂದವರು ಎಲ್ಲರ ಕಾಫಿಗೂ ದುಡ್ಡು ಕೊಡಬೇಕು.

ಓದುವವರು ತಿದ್ದಬಾರದು, ಹೊಗಳಬಾರದು. ಪೆನ್ಸಿಲಿನಿಂದ ‘ಅಂದ್ರೆ?’ ಅಂತ ಗುರುತು ಹಾಕಿದರೆ ಸಾಕು. ಬರೆದವರು ಅಲ್ಲೇ ಬಾಯಲ್ಲಿ ವಿವರಿಸೋಕೆ ಶುರು ಮಾಡುತ್ತಾರೆ, ಅದು ಮನುಷ್ಯ ಸಹಜ. ಆಗ ಮಾತಾಡಿದ್ದನ್ನು ಬೇರೆಯವರು ಬರೆದುಕೊಂಡು ಕೊಡಬೇಕು. ಹತ್ತರಲ್ಲಿ ಒಂಬತ್ತು ಸಲ ಪುಟದಲ್ಲಿ ಇರಬೇಕಾದ ವಾಕ್ಯ ಅದೇ ಆಗಿರುತ್ತದೆ. ಕೆಳದಿಯವನ ಒಂದು ಪುಟದಲ್ಲಿ ಎಂಟು ‘ಅಂದ್ರೆ?’ ಬಿದ್ದವು. ಅವನು ಎರಡು ಶನಿವಾರ ಬರಲಿಲ್ಲ. ಮೂರನೇ ವಾರ ಅದೇ ಪುಟ ಅರ್ಧಕ್ಕೆ ಇಳಿದು ಬಂತು.

ಹೆಜ್ಜೆ 9: ದಿನಕ್ಕೆ ಮುಕ್ಕಾಲು ಗಂಟೆ

ರಜೆ ಸಿಕ್ಕಾಗ ಒಟ್ಟಿಗೆ ಬರೆಯುತ್ತೇನೆ ಅನ್ನೋದು ಈ ಊರಿನಲ್ಲಿ ನಡೆಯಲ್ಲ. ರಜೆ ಬಂದರೆ ಊರಿಗೆ ಓಡುತ್ತೇವೆ. ಬೆಳಿಗ್ಗೆ ಟ್ರಾಫಿಕ್ ಏಳುವ ಮುಂಚೆ 45 ನಿಮಿಷ ಬರೆಯಿರಿ, ಫೋನ್ ಬೇರೆ ಕೋಣೆಯಲ್ಲಿರಲಿ. ಮುಂದಿನ ವಾಕ್ಯ ಏನು ಅಂತ ಗೊತ್ತಿರುವಾಗಲೇ ನಿಲ್ಲಿಸಿ, ನಾಳೆ ಶುರು ಮಾಡೋಕೆ ಸುಲಭ. ತಿದ್ದೋದನ್ನು ಬೇರೆ ಹೊತ್ತಿಗೆ ಇಟ್ಟುಕೊಳ್ಳಿ. ನಾನು ಪ್ರಿಂಟ್ ತೆಗೆದು ಮೆಟ್ರೋದಲ್ಲಿ ತಿದ್ದುತ್ತಿದ್ದೆ. ನಿಂತುಕೊಂಡು ಒಂದು ಕೈಯಲ್ಲಿ ಹಾಳೆ ಹಿಡಿದಾಗ ಉದ್ದ ವಾಕ್ಯದ ಮೇಲೆ ಕರುಣೆ ಬರುವುದಿಲ್ಲ.

ಹೆಜ್ಜೆ 10: ವಿಮರ್ಶಕರ ಪತ್ರ ಬಂದಾಗ

ಮೊದಲ ದಿನ ಉತ್ತರ ಬರೆಯಬೇಡಿ. ಎರಡನೇ ದಿನ ಪ್ರತಿ ಟಿಪ್ಪಣಿಗೂ ನಂಬರ್ ಹಾಕಿ, ಒಂದೊಂದಕ್ಕೂ ಏನು ಬದಲಿಸಿದಿರಿ, ಯಾವ ಪುಟದಲ್ಲಿ ಅಂತ ಬರೆಯಿರಿ. ಒಪ್ಪದಿದ್ದರೆ ಕಾರಣ ಕೊಟ್ಟು ಒಪ್ಪಲಿಲ್ಲ ಅನ್ನಿ. ‘ವಿಮರ್ಶಕರು ತಪ್ಪು ತಿಳಿದಿದ್ದಾರೆ’ ಅನಿಸಿದರೆ ಆ ವಾಕ್ಯವನ್ನು ಇನ್ನೊಮ್ಮೆ ನೋಡಿ. ತಪ್ಪು ತಿಳಿಯೋಕೆ ದಾರಿ ಬಿಟ್ಟವರು ನಾವೇ ಆಗಿರುತ್ತೇವೆ.

ನನ್ನ ಪೂರ್ತಿ ಥೀಸಿಸ್ ಬೈಂಡಿಂಗಿಗೆ ಹೋಗುವ ಮುಂಚೆ ಮೇಡಂ ಕೊನೆಯ ಸಲ ನೋಡಿ ಕೊಟ್ಟರು. ಪುಟ ತಿರುಗಿಸುತ್ತಾ ಹೋದೆ, ಎಲ್ಲೂ ಪೆನ್ಸಿಲ್ ಗುರುತು ಇಲ್ಲ. ಖುಷಿಯಿಂದ ಮೊದಲ ಪುಟಕ್ಕೆ ಬಂದರೆ ಕೃತಜ್ಞತೆಯಲ್ಲಿ ಒಂದು ಇತ್ತು. ‘ಪ್ರತ್ಯಕ್ಷವಾಗಿ ಹಾಗೂ ಪರೋಕ್ಷವಾಗಿ ಸಹಕರಿಸಿದ ಎಲ್ಲರಿಗೂ’ ಅಂತ ಬರೆದಿದ್ದೆ. ಪಕ್ಕದಲ್ಲಿ ‘ಅಂದ್ರೆ?’ ಅದನ್ನು ಹೊಡೆದುಹಾಕಿ ಬರೆದೆ: ‘ಬೆಳಗಿನ ಐದು ಗಂಟೆಗೆ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ನಾಲ್ಕೂ ಬಡಾವಣೆ ಸುತ್ತಿಸಿದ ಮೂವರು ಟ್ಯಾಂಕರ್ ಚಾಲಕರಿಗೆ.’